ಕಾರಿನೊಳಗೆ ಒಲೆ

ನಮ್ಮ ಮನೆಯವರು ಅಳತೆ ಟೇಪು ಹಿಡ್ಕೊಂಡು ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿದಾಗಲೇ ನನಗೆ ಅನುಮಾನ ಬಂತು. ಬೆಳಗಿನ ಹೊತ್ತು, ಬೀದಿ ತುಂಬ ಜನ. ಎದುರುಮನೆ ಅನಿತ ರಂಗೋಲಿ ಅರ್ಧಕ್ಕೇ ಬಿಟ್ಟು ಸೊಂಟದ ಮೇಲೆ ಕೈಯಿಟ್ಕೊಂಡು ನೋಡ್ತಿದ್ಲು. ಇವರ ಎರಡು ಕಾಲು ಮಾತ್ರ ಹೊರಗೆ, ಪಂಚೆ ಮೊಣಕಾಲಿಗೆ ಬಂದಿತ್ತು.

"ಏನ್ರೀ ಅದು? ಒಳಗೆ ಏನಾದ್ರೂ ಬೀಳಿಸ್ಕೊಂಡ್ರಾ?" ಅಂದೆ.

"ಸೀಟು ತೆಗೆದ್ರೆ ಆರಡಿ ಮೇಲಾಗತ್ತೆ ಕಣೇ!" ಅಂತ ಒಳಗಿಂದ ಕೂಗು. "ಇಬ್ರೂ ಕಾಲು ಚಾಚಿ ಮಲಗಬಹುದು!"

ಬೀದಿಯಲ್ಲಿ ನಿಂತು ಹೇಳೋ ಮಾತೇ ಅದು? ಅನಿತ ಬಾಯಿಗೆ ಸೆರಗು ಇಟ್ಕೊಂಡ್ಲು. ನನಗೆ ನಾಚಿಕೆಯಲ್ಲಿ ಮೈಯೆಲ್ಲ ಹಿಡಿಯಷ್ಟಾಯ್ತು.

ಇವರ ಹೆಸರು ನರಸಿಂಹ. ನಾನು ಹೆಸರು ಹಿಡಿದು ಕರೆಯೋಳಲ್ಲ, ನಿಮಗೆ ಗೊತ್ತಿರಲಿ ಅಂತ ಒಂದು ಸಲ ಹೇಳಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಲೆಕ್ಕಪತ್ರ ನೋಡ್ಕೊಂಡಿದ್ದವರು, ಈಗ ರಿಟೈರ್ ಆಗಿದ್ದಾರೆ. ಆದ್ರೂ ವಾರಕ್ಕೊಂದು ಸಲ ನರಸಾಪುರಕ್ಕೆ ಹೋಗಿ ಹಳೇ ಕಂಪನಿಯ ಲೆಕ್ಕ ನೋಡಿ ಬರ್ತಾರೆ. ಅವತ್ತು ಡಿಕ್ಕಿಯಿಂದ ಹೊರಗೆ ಬಂದವರು ಕರ್ಚೀಫಿನಲ್ಲಿ ಕೈ ಒರೆಸಿ, ಅದನ್ನ ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ರು. ಇವರ ಕೈಗೆ ಏನು ಸಿಕ್ಕಿದ್ರೂ ನಾಲ್ಕು ಮಡಿಕೆ ಆಗಲೇಬೇಕು. ನ್ಯೂಸ್ ಪೇಪರು, ಬಸ್ ಟಿಕೆಟ್ಟು, ಊಟ ಮುಗಿದ ಮೇಲೆ ಬಾಳೆಲೆ ಕೂಡ.

"ಕ್ಯಾಂಪರ್ ಮಾಡಿಸ್ತೀನಿ ರಾಧಾ," ಅಂದ್ರು. "ಕಾರೇ ಮನೆ. ಅದರಲ್ಲೇ ಮಲಗೋದು, ಅದರಲ್ಲೇ ಅಡುಗೆ. ಇಡೀ ದೇಶ ಸುತ್ತೋಣ."

ಅಡುಗೆ ಅಂದಿದ್ದೇ ತಡ, ಉಳಿದ ಯಾವ ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು ಹೈಬ್ರಿಡ್ ಕಾರು. ಪೆಟ್ರೋಲಿನಲ್ಲೂ ಓಡತ್ತೆ, ಬ್ಯಾಟರಿಯಲ್ಲೂ ಓಡತ್ತೆ. ಕಾರ್ಖಾನೆಯ ಸಾಹೇಬರೊಬ್ಬರು ಊರು ಬಿಟ್ಟು ಹೋಗುವಾಗ ಇವರು ಅವರಿಂದ ತಗೊಂಡಿದ್ದು. ಆಗ ನಮ್ಮೂರಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ನಿಂತ್ರೆ ಸದ್ದೇ ಇಲ್ಲ. ಇವರು ಗೇಟಿಗೆ ಬಂದು ನಿಂತಿದ್ರೂ ಗೊತ್ತಾಗ್ತಿರಲಿಲ್ಲ, ನಾನು ಒಳಗೆ ಹಾಡು ಹೇಳ್ಕೊಂಡು ಕಡಲೆಬೇಳೆ ಹುರೀತಿರ್ತಿದ್ದೆ. ಈಗ ಅದಕ್ಕೂ ವಯಸ್ಸಾಯ್ತು. ಬಿಸಿಲ ಹೊತ್ತಿನಲ್ಲಿ ಹಿಂದಿನ ಸೀಟಿನ ಹತ್ರ ಗುಂಯ್ ಅಂತ ಒಂದು ಸದ್ದು. ಏರು ಹತ್ತುವಾಗ ಮುಂದೆ ಕೆಂಪು ತ್ರಿಕೋನದ ದೀಪ ಹತ್ಕೋತಿತ್ತು. ಕೋಲಾರದ ಗ್ಯಾರೇಜಿನವನು ಬಗ್ಗಿ ಕೂಡ ನೋಡದೆ, "ಬ್ಯಾಟರಿ ಮುಗೀತು ಸಾರ್, ಗಾಡಿ ಗುಜರಿಗೆ ಹಾಕಿ" ಅಂದ. ಆವತ್ತು ಇವರು ಊಟ ಸರಿಯಾಗಿ ಮಾಡ್ಲಿಲ್ಲ. ಆಮೇಲೆ ಮೊಬೈಲಿನಲ್ಲಿ ಯಾರೋ ಹಳೇ ಹೈಬ್ರಿಡ್ ಕಾರನ್ನೇ ಮನೆ ಮಾಡ್ಕೊಂಡು ಬೆಟ್ಟ ಗುಡ್ಡ ಸುತ್ತೋ ವಿಡಿಯೋ ನೋಡಿದ್ರು. ಮುಗೀತು. ಹೊಸ ಬ್ಯಾಟರಿ ಹಾಕಿಸಿ ಕ್ಯಾಂಪರ್ ಮಾಡೋದೋ, ಗುಜರಿಗೆ ಹಾಕೋದೋ, ಇದೇ ಒಂದು ಮಾತು ಮನೆ ತುಂಬ.

ಮಧ್ಯಾಹ್ನ ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಚಿತ್ರ ಬರೆದು ತೋರಿಸಿದ್ರು. ಹಿಂದೆ ಪ್ಲೈವುಡ್ಡಿನ ಮಂಚ. ಮಂಚದ ಕೆಳಗಿಂದ ಡ್ರಾಯರ್ ಥರ ಜಾರಿ ಬರೋ ಹಲಗೆ, ಅದರ ಮೇಲೆ ಗ್ಯಾಸ್ ಒಲೆ. ನಲ್ಲಿ ಇರೋ ಸ್ಟೀಲ್ ಕ್ಯಾನು, ಮಡಿ ನೀರಿಗೆ ಅಂತಲೇ. ಮೇಲೆ ಒಂದು ಸರಳು, ನನ್ನ ಮಡಿ ಸೀರೆ ಒಣಗಿಸೋಕೆ. ಮೂಲೆಯಲ್ಲಿ ದೇವರ ಪೆಟ್ಟಿಗೆಗೆ ಗೂಡು.

"ರಾತ್ರಿಯೆಲ್ಲ ಎ.ಸಿ. ಹಾಕ್ಕೊಂಡು ಮಲಗಬಹುದು, ಇಂಜಿನ್ನು ತಾನೇ ಆಗಾಗ ಎದ್ದು ಚಾರ್ಜ್ ಮಾಡ್ಕೊಳ್ಳತ್ತೆ. ಬೇರೆ ಕಾರಲ್ಲಿ ಆಗಲ್ಲ ಇದು," ಅಂದ್ರು. ಆಮೇಲೆ ದನಿ ಇಳಿಸಿ, "ಎಲ್ಲ ನಿನಗೋಸ್ಕರ ಕಣೇ. ನಿನ್ನ ಮಡಿಗೆ ಎಲ್ಲೂ ಭಂಗ ಬರಬಾರದು. ಕಾಶಿಗೆ ಹೋದ್ರೂ ನಿನ್ನ ಕೈಯಡುಗೆ," ಅಂದ್ರು.

ನಾನು ಆ ಹಲಗೆ ಮೇಲಿನ ಒಲೆಯನ್ನೇ ನೋಡ್ತಾ ಕೂತೆ. ಎರಡು ಬರ್ನರ್ ಬರೆದಿದ್ರು, ಪಾಪ, ಅಷ್ಟು ಮುದ್ದಾಗಿ. ನನಗೆ ಅಳು ಬರೋ ಹಾಗಾಯ್ತು, ಖುಷಿಗಲ್ಲ.

ನನಗೆ ಬೇಕಾಗಿದ್ದು ಏನು ಅಂತ ಹೇಳ್ಬಿಡ್ತೀನಿ, ಮುಚ್ಚುಮರೆ ಏನು. ನಾನು ಮಾಡದೇ ಇರೋ ಊಟ ನನಗೆ ಬೇಕಾಗಿತ್ತು. ಎಲ್ಲೋ ಒಂದು ಕಡೆ ಕೂತ್ಕೋಬೇಕು, ಯಾರೋ ಮಾಡಿರಬೇಕು, ಯಾರೋ ತಂದಿಡಬೇಕು, ನಾನು ತಿಂದು ಎದ್ದು ಬರಬೇಕು. ಇಷ್ಟೇ. ಮದುವೆಯಾಗಿ ಈ ಮನೆಗೆ ಬಂದ ಮಾರನೇ ದಿನ ಒದ್ದೆ ಸೀರೆ ಉಟ್ಟು ಒಲೆ ಮುಂದೆ ಕೂತವಳು ನಾನು. ಅಡುಗೆ ಮಾಡು, ನೈವೇದ್ಯ ಮಾಡು, ಬಡಿಸು, ಎಲ್ಲರ ಎಲೆ ಎತ್ತು, ನೆಲ ಸಾರಿಸು, ಆಮೇಲೆ ನೀನು ಕೂರು. ನನ್ನ ಎಲೆ ಎತ್ತೋಳೂ ನಾನೇ. ಹೊರಗೆ ಹೋಗಿದ್ದು ಅಂದ್ರೆ ಮಠ ಇರೋ ಊರುಗಳಿಗೆ ಮಾತ್ರ. ಅಲ್ಲೂ ಯಾರಾದ್ರೂ ಒಬ್ಬರು, "ರಾಧಮ್ಮ ಬಂದ್ರಾ, ಸದ್ಯ, ಆ ಬೂದುಗುಂಬಳ ಹೆಚ್ಚಿಕೊಡಿ" ಅಂತ ಈಳಿಗೆಮಣೆ ಮುಂದೆ ಕೂರಿಸೋರು. ದಾರಿಗೆ ಅಂತ ಹುಳಿಯನ್ನ, ಮೊಸರನ್ನ ಕಟ್ಕೊಂಡ್ರೆ ಬುಟ್ಟಿಯನ್ನ ಯಾರೂ ಮುಟ್ಟಬಾರದು ಅಂತ ಕಾರಿನ ಮುಂದಿನ ಸೀಟಿನಲ್ಲಿ ಇಡ್ತಿದ್ವಿ. ಆ ಭಾರಕ್ಕೆ ಯಾರೋ ಕೂತಿದ್ದಾರೆ ಅಂದ್ಕೊಂಡು ಕಾರು ಕುಂಯ್ ಕುಂಯ್ ಅಂತ ಅರಚ್ತಿತ್ತು, ಅದಕ್ಕೆ ಬುಟ್ಟಿಗೂ ಸೀಟ್ ಬೆಲ್ಟು. ನಾನು ಹಿಂದೆ.

ಇವರಿಗೆ ರಿಟೈರ್ ಆಯ್ತು, ಹಾರ ಹಾಕಿದ್ರು, ಶಾಲು ಹೊದಿಸಿದ್ರು. ನನಗೆ ಯಾವಾಗ?

ಹಾಗಾದ್ರೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಅಂತ ನೀವು ಕೇಳಬಹುದು. ನಮ್ಮತ್ತೆ ಶ್ಯಾಮಲಮ್ಮ ಹೋಗೋ ಮುಂಚೆ ನನ್ನ ಕೈ ಹಿಡ್ಕೊಂಡು, "ಅವನ ಹೊಟ್ಟೆ ಸೂಕ್ಷ್ಮ ರಾಧಾ, ಹೊರಗಿನದು ಆಗಲ್ಲ. ನೀನಿರೋ ತನಕ ಅವನು ಹೋಟೆಲ್ ಮೆಟ್ಟಿಲು ಹತ್ತಬಾರದು" ಅಂದಿದ್ರು. ಹೂಂ ಅಂದಿದ್ದೆ. ಇವರೂ ಹಾಗೇ ಇದ್ರು. ನೆಂಟರು ಬಂದಾಗೆಲ್ಲ ಎದೆಯುಬ್ಬಿಸಿ, "ನಮ್ಮ ರಾಧ ಮಡಿಯಲ್ಲಿ ಮಾಡಿದ್ದು ಬಿಟ್ರೆ ಬೇರೆ ಯಾವುದೂ ನನ್ನ ಗಂಟಲಲ್ಲಿ ಇಳಿಯಲ್ಲ" ಅನ್ನೋರು. ಅಂಥವರ ಮುಂದೆ, ನನಗೆ ಹೋಟೆಲ್ಲಿನ ಇಡ್ಲಿ ಬೇಕು ಅಂತ ಹೇಗೆ ಹೇಳೋದು?

ನಮ್ಮೂರ ಹೆಸರು ಹೇಳಿದ್ರೆ ಸಾಕು, ಎಲ್ಲರೂ ಕೇಳೋದು ದೋಸೆ ವಿಷಯ. ಮುಳಬಾಗಿಲು ದೋಸೆ. ಬೆಂಗಳೂರಿಂದ ಕಾರು ಮಾಡ್ಕೊಂಡು ಬಂದು ತಿಂದು ಹೋಗ್ತಾರೆ. ತರಕಾರಿಗೆ ಹೋಗುವಾಗ ನಾನು ದಿನಾ ಒಂದು ದೋಸೆ ಅಂಗಡಿ ಮುಂದೆ ಹಾದುಹೋಗ್ತೀನಿ. ಕಾವಲಿ ಮೇಲೆ ತುಪ್ಪ ಚುರ್ ಅನ್ನೋದು, ಆ ಘಮಲು. ಹೆಜ್ಜೆ ತಾನಾಗೇ ನಿಧಾನ ಆಗತ್ತೆ. ಒಂದು ದಿನವೂ ತಿಂದಿರಲಿಲ್ಲ.

ಶ್ರೀನಿವಾಸಪುರಕ್ಕೆ ಕೊಟ್ಟಿರೋ ನನ್ನ ತಂಗಿ ಸುನಂದಂಗೆ ಫೋನ್ ಮಾಡಿದೆ. ಅವಳ ಮನೆಯಲ್ಲಿ ಇದೆಲ್ಲ ಯಾವಾಗಲೋ ಸಡಿಲ ಆಗಿದೆ.

"ಕಾರಿನೊಳಗೆ ಒಲೆ ಇಡಿಸ್ತಾರಂತೆ ಕಣೇ," ಅಂದೆ.

ಅವಳು ನಕ್ಕಿದ್ದೂ ನಕ್ಕಿದ್ದೇ. "ಅಡುಗೆಮನೆಯಿಂದ ಓಡಿಹೋಗೋಣ ಅಂದ್ರೆ ಅಡುಗೆಮನೆಗೇ ಚಕ್ರ ಹಾಕ್ತಿದ್ದಾರಲ್ಲೇ ಭಾವ!"

"ನಿನಗೆ ನಗು. ನನಗೆ ಇಲ್ಲಿ ಪ್ರಾಣಸಂಕಟ."

"ಹೇಳ್ಬಿಡೇ ಅಕ್ಕಾ. ಬೇಡ ಅನ್ನು."

"ಏನಂತ ಹೇಳ್ಲಿ? ಅಷ್ಟು ಆಸೆಯಿಂದ ನನಗೋಸ್ಕರ ಮಾಡಿಸ್ತಿದ್ದಾರೆ. ಬೇಡ ಅಂದ್ರೆ ಯಾಕೆ ಅಂತಾರೆ. ಅತ್ತೆಗೆ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಬದರಿನಾಥದ ಚಳಿಯಲ್ಲಿ ನಡುಗ್ತಾ ಹುಳಿ ಕುದಿಸು ಹೋಗು," ಅಂತ ಫೋನ್ ಇಟ್ಲು. ತಂಗಿ ಅಂದ್ರೆ ಹೀಗಿರಬೇಕು ನೋಡಿ.

ನಾನೂ ಸುಮ್ಮನೆ ಕೂರಲಿಲ್ಲ. ಗ್ಯಾಸ್ ಸಿಲಿಂಡರು ಬಿಸಿಲಿಗೆ ಸಿಡಿದ್ರೆ ಅಂದೆ. ಅದಕ್ಕೆ ಬೇರೆ ಪೆಟ್ಟಿಗೆ ಅಂದ್ರು. ಸೀಟು ಬಿಚ್ಚಿದ್ರೆ ಆರ್‌ಟಿಓದವರು ಹಿಡೀತಾರೆ ಅಂದೆ. ಕೇಳಿ ಪರ್ಮಿಷನ್ ತಗೋತೀನಿ ಅಂದ್ರು. ನನಗೆ ಮಂಡಿ ನೋವು, ಬಗ್ಗಿ ಅಡುಗೆ ಮಾಡೋಕಾಗಲ್ಲ ಅಂದೆ. ಮಾರನೇ ದಿನವೇ ಚಿತ್ರ ತಿದ್ದಿ ಒಲೆ ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು. ಒಳ್ಳೇ ಗಂಡನ ಜೊತೆ ಜಗಳ ಆಡೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ.

ಮಾಲೂರಿನಲ್ಲಿ ಆಂಜಿ ಅಂತ ಒಬ್ಬ ಇದ್ದಾನೆ. ಗೂಡ್ಸ್ ಟೆಂಪೋಗಳಿಗೆ ಬಾಡಿ ಕಟ್ಟೋನು. ಬ್ಯಾಟರಿ ಆಮೇಲೆ ಹಾಕಿಸಿದ್ರಾಯ್ತು ಅಂತ, ಅವನ ಹತ್ರ ಮಾತಾಡಿ ಇವರು ದಿನ ಗೊತ್ತು ಮಾಡಿದ್ರು. ಒಲೆ ಎತ್ತರ ನೋಡ್ಬೇಕು, ನೀನೂ ಬಾ ಅಂದ್ರು. ಬೆಳಿಗ್ಗೆ ಬೇಗ ಎದ್ದು ಚಿತ್ರಾನ್ನ, ಮೊಸರನ್ನ ಕಲಸಿ ಬುಟ್ಟಿಗೆ ತುಂಬಿ, ಬುಟ್ಟಿಗೆ ಬೆಲ್ಟ್ ಹಾಕಿ, ನಾನು ಹಿಂದೆ ಕೂತೆ. ಕೋಲಾರ ದಾಟೋವರೆಗೂ ಇವರು ಶಿಳ್ಳೆ ಹಾಕ್ತಾನೇ ಇದ್ರು. ಹಿಂದೆ ಗುಂಯ್ ಗುಂಯ್. ದಾರಿಯಲ್ಲಿ ಒಂದು ಸಲ ಕೆಂಪು ದೀಪವೂ ಹತ್ತಿತು. ನಾನು ದೇವರಿಗೆ, ಈ ಕಾರು ಇಲ್ಲೇ ನಿಂತುಹೋಗಲಿ ತಂದೆ ಅಂತ ಬೇಡ್ಕೊಂಡೆ. ಆಮೇಲೆ ಇವರ ಮುಖ ಕನ್ನಡಿಯಲ್ಲಿ ಕಂಡು, ಬೇಡ ಬೇಡ, ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂಡೆ.

ಆಂಜಿಯ ಶೆಡ್ಡಿನಲ್ಲಿ ಒಂದು ಅರ್ಧ ಕಟ್ಟಿದ ಟೆಂಪೋ, ಒಂದು ರಾಶಿ ಕಬ್ಬಿಣದ ಪಟ್ಟಿ. ಅವನು ತೆಲುಗು ಕಡೆಯವನು, ಎರಡೂ ಭಾಷೆ ಕಲಸಿ ಮಾತಾಡ್ತಾನೆ. ಕಾರನ್ನ ಒಂದು ಸುತ್ತು ಹಾಕಿ, ಚಿತ್ರ ನೋಡಿ, "ಭಲೇ ಉಂದಿ ಸಾರ್! ಅಮ್ಮನೋರಿಗೆ ಒಳ್ಳೇ ವಂಟಿಲ್ಲು!" ಅಂದ. ವಂಟಿಲ್ಲು ಅಂದ್ರೆ ಅಡುಗೆಮನೆ. ನನಗೆ ತೆಲುಗು ಬರತ್ತೆ ಅಂತ ಅವತ್ತು ಬೇಜಾರಾಯ್ತು.

ಹಿಂದಿನ ಸೀಟಿನ ಬೋಲ್ಟು ಬಿಚ್ಚಿ ಎತ್ತಿ ಹೊರಗಿಟ್ಟ. ಹಿಂದೆ ಬ್ಯಾಟರಿಯ ದೊಡ್ಡ ಪೆಟ್ಟಿಗೆ ಕಾಣ್ತು, ಅದರಿಂದ ಕಿತ್ತಳೆ ಬಣ್ಣದ ದಪ್ಪ ವೈರು. ಆಂಜಿ ಎರಡು ಹೆಜ್ಜೆ ಹಿಂದೆ ಸರಿದ. "ಆ ವೈರು ನಾನು ಮುಟ್ಟಲ್ಲ ಸಾಮೀ. ಕರೆಂಟು. ಮನೇಲಿ ನನಗೂ ಹೆಂಡ್ತಿ ಇದ್ದಾಳೆ." ಆಮೇಲೆ ಸೀಟಿನ ಪಕ್ಕದಲ್ಲಿದ್ದ ಜಾಲರಿ ತೋರಿಸಿದ. ಬಾಗಿಲಿನ ಹತ್ರ, ಅಂಗೈ ಅಗಲದ ಪ್ಲಾಸ್ಟಿಕ್ ಜಾಲರಿ. ಅದರ ಒಂದು ಪಟ್ಟಿ ಮುರಿದಿತ್ತು. "ಇದು ಬ್ಯಾಟರಿಗೆ ಗಾಳಿ ಹೋಗೋ ದಾರಿ ಸಾರ್. ಮಂಚ ಮಾಡಿದ್ರೂ ಇದನ್ನ ಮುಚ್ಚಂಗಿಲ್ಲ." ಕೈ ಹಾಕಿ ಜಾಲರಿ ಕಿತ್ತ. ಟಾರ್ಚ್ ಬಿಟ್ಟು ಒಳಗೆ ನೋಡಿದ. "ಏಮಿ ಸಾರ್ ಇದಿ? ಪೈಪೆಲ್ಲ ಏನೋ ತುಂಬ್ಕೊಂಡಿದೆ!"

ಎರಡು ಬೆರಳು ಹಾಕಿ ಎಳೆದ. ಒಂದು ಕಾಗದ ಬಂತು. ಎಣ್ಣೆ ಕುಡಿದು ಕಪ್ಪಾಗಿದ್ದ ಕಾಗದ. ಇನ್ನೊಂದು ಬಂತು. ಆಮೇಲೆ ಟಿಶ್ಯೂ, ಮತ್ತೆ ಟಿಶ್ಯೂ, ಒಣಗಿ ಮುರುಟಿದ ಬಾಳೆಲೆ ಚೂರು, ಪೊಟ್ಟಣ ಕಟ್ಟೋ ಬಿಳಿ ದಾರ, ಈರುಳ್ಳಿ ಸಿಪ್ಪೆ. ಬಂತು, ಬಂತು, ಬರ್ತಾನೇ ಇತ್ತು. ಜಾತ್ರೆಯಲ್ಲಿ ಜಾದೂ ಮಾಡೋನು ಬಾಯಿಂದ ರಿಬ್ಬನ್ ಎಳೀತಾನಲ್ಲ, ಹಾಗೆ. ಶೆಡ್ಡಿನ ತುಂಬ ಬೆಳ್ಳುಳ್ಳಿ ಚಟ್ನಿ ವಾಸನೆ ಹೊಡೀತು.

"ಇಲಿ ಸಾರ್!" ಅಂದ ಆಂಜಿ. "ಒಳಗೆ ಇಲಿ ಗೂಡು ಕಟ್ಟಿದೆ."

"ಹೌದು ಹೌದು, ಇಲಿ," ಅಂದ್ರು ನಮ್ಮ ಮನೆಯವರು, ತಕ್ಷಣ. "ನಮ್ಮ ಬೀದಿಯಲ್ಲಿ ಬಹಳ ಇಲಿ."

ಅವರು ಅಷ್ಟು ಬೇಗ ಒಪ್ಕೊಂಡಿದ್ದಕ್ಕೇ ನಾನು ಬಗ್ಗಿ ಒಂದು ಕಾಗದ ಎತ್ತಿದ್ದು. ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ. ಇನ್ನೊಂದು ಎತ್ತಿದೆ. ನಾಲ್ಕು ಮಡಿಕೆ. ಟಿಶ್ಯೂ ಕೂಡ ನಾಲ್ಕು ಮಡಿಕೆ. ಆ ಬಾಳೆಲೆ ಚೂರು ನೋಡಿದೆ. ಅದೂ ನಾಲ್ಕು ಮಡಿಕೆ.

ನಾನು ಇವರ ಮುಖ ನೋಡಿದೆ. ಇವರು ಅರ್ಧ ಕಟ್ಟಿದ ಟೆಂಪೋವನ್ನ ಬಹಳ ಆಸಕ್ತಿಯಿಂದ ನೋಡ್ತಿದ್ರು.

"ಇಲಿ ಬಹಳ ಅಚ್ಚುಕಟ್ಟಿನದು," ಅಂದೆ.

"ರಾಧಾ..."

"ಲೆಕ್ಕ ಬರೆಯೋ ಇಲಿ ಇರಬೇಕು."

"ಕೋಪ ಮಾಡ್ಕೋಬೇಡ ಕಣೇ..."

"ಏನ್ರೀ ತಿಂದಿದ್ದು? ಯಾವಾಗಿಂದ? ಎಲ್ಲಿ?" ನನ್ನ ದನಿ ಏರಿತು. ಆಂಜಿ ಟಾರ್ಚ್ ಆರಿಸಿ, ಕಬ್ಬಿಣದ ರಾಶಿ ಹತ್ರ ಏನೋ ಹುಡುಕೋಕೆ ಹೋದ.

ಇವರು ಕರ್ಚೀಫ್ ತೆಗೆದು ಮುಖ ಒರೆಸ್ಕೊಂಡ್ರು. "ನರಸಾಪುರದಲ್ಲಿ. ಕಂಪನಿ ಗೇಟ್ ಹತ್ರ ಒಂದು ಅಂಗಡಿ ಇದೆ. ಪಾರ್ಸಲ್ ತಗೊಂಡು ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಗೆ ಬಿಸಿಲು ಪರದೆ ಎಳ್ಕೊಂಡು... ಯಾರಾದ್ರೂ ಮಠದ ಕಡೆಯವರು ನೋಡಿದ್ರೆ ಅಂತ. ಕಾಗದ ಕಾರಲ್ಲಿ ಬಿಟ್ರೆ ನಿನಗೆ ಸಿಗತ್ತೆ, ಹೊರಗೆ ಎಸೆದ್ರೆ ಕಂಪನಿ ಗೇಟಿನವನು ಬೈತಾನೆ. ಆ ಜಾಲರಿ ಮುರಿದಿತ್ತಲ್ಲ, ಕಸ ಹಾಕೋ ಜಾಗ ಅಂದ್ಕೊಂಡು..."

"ಏನು ಪಾರ್ಸಲ್ಲು?"

ಇವರು ಕರ್ಚೀಫನ್ನ ನಾಲ್ಕು ಮಡಿಕೆ ಮಾಡೋಕೆ ಶುರು ಮಾಡಿದ್ರು.

"ಏನು ಪಾರ್ಸಲ್ಲು ಅಂತ ಕೇಳಿದೆ."

"ಮುಳಬಾಗಿಲು ದೋಸೆ," ಅಂದ್ರು, ಮೆಲ್ಲಗೆ.

ಮುಳಬಾಗಿಲಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಬೆಳೆದು, ಮುಳಬಾಗಿಲು ದೋಸೆ ತಿನ್ನೋಕೆ ನರಸಾಪುರಕ್ಕೆ ಹೋಗ್ತಿದ್ದಾರೆ ಈ ಮನುಷ್ಯ! ಪರದೆ ಎಳ್ಕೊಂಡು!

"ನಾನು ಕಟ್ಟಿಕೊಡ್ತಿದ್ದ ಡಬ್ಬಿ? ಅದನ್ನ ಯಾರ ಬಾಯಿಗೆ ಹಾಕ್ತಿದ್ರಿ?"

"ಅದನ್ನೂ ತಿಂತಿದ್ದೆ. ನಿನ್ನಾಣೆ! ಅದು ಊಟ ಕಣೇ, ಇದು ಟಿಫನ್ನು."

ಮೈಯೆಲ್ಲ ಉರಿದುಹೋಯ್ತು ನನಗೆ. ಬಾಯಿಗೆ ಬಂದಿದ್ದೆಲ್ಲ ಅಂದೆ. "ಹೊಟ್ಟೆ ಸೂಕ್ಷ್ಮ ಅಂತ ನಿಮ್ಮಮ್ಮ ನನ್ನ ಕೈಯಲ್ಲಿ ಮಾತು ತಗೊಂಡ್ರು! ಈ ಹೊಟ್ಟೆ ನೋಡಿ, ಇದಾ ಸೂಕ್ಷ್ಮ? ಜ್ವರ ಬಂದಾಗ ಕೂಡ ಎದ್ದು ಸ್ನಾನ ಮಾಡಿ ಒಲೆ ಹಚ್ಚಿದ್ದೀನಲ್ರೀ ನಾನು, ಯಾರಿಗೋಸ್ಕರ? ನಿಮ್ಮ ಗಂಟಲಲ್ಲಿ ಬೇರೆಯದು ಇಳಿಯಲ್ಲ ಅಂತ! ಇಳಿದಿದೆಯಲ್ಲ, ಪೈಪ್ ತುಂಬೋಷ್ಟು ಇಳಿದಿದೆ!"

ಇವರು ತಲೆ ತಗ್ಗಿಸಿ ನಿಂತಿದ್ರು. ಆಮೇಲೆ ತಲೆ ಎತ್ತಿ, "ನಿನಗೋಸ್ಕರವೇ ಹೇಳ್ಲಿಲ್ಲ ರಾಧಾ," ಅಂದ್ರು. "ನೀನು ಅಷ್ಟು ಮಡಿಯಲ್ಲಿರ್ತೀಯ. ನನ್ನಿಂದ ನಿನ್ನ ಮಡಿ ಕೆಟ್ಟಿತು ಅಂತ ಆಗಬಾರದು. ಅಮ್ಮ ಹೋದ ಮೇಲಾದ್ರೂ ಸ್ವಲ್ಪ ಸಡಿಲ ಮಾಡೋಣ ಅಂತ ಹೇಳ್ಬೇಕು ಅಂದ್ಕೊಂಡೆ. ಆದ್ರೆ ನೀನು ಇನ್ನೂ ಬಿಗಿ ಮಾಡಿದೆ. ಇದು ನಿನ್ನ ಪ್ರಾಣ ಅಂದ್ಕೊಂಡೆ. ಅದಕ್ಕೇ ಕಾರಲ್ಲೂ ನಿನಗೆ ಒಲೆ..."

"ನನಗೆ ಆ ಒಲೆ ಬೇಡ!"

ಹೇಳ್ಬಿಟ್ಟೆ. ಅಷ್ಟು ದಿನ ನಾಲಗೆ ತುದಿಯಲ್ಲಿದ್ದ ಮಾತು ಮಾಲೂರಿನ ಶೆಡ್ಡಿನಲ್ಲಿ ಹೊರಗೆ ಬಿತ್ತು.

"ನನಗೆ ಯಾವ ಒಲೆಯೂ ಬೇಡ. ಕಾಶಿಯಲ್ಲೂ ಬೇಡ, ಬದರಿಯಲ್ಲೂ ಬೇಡ. ನಿಮ್ಮಮ್ಮನಿಗೆ ಕೊಟ್ಟ ಮಾತು, ನಿಮ್ಮ ಹೊಟ್ಟೆ, ಇದಕ್ಕೋಸ್ಕರ ಬಿಗಿ ಮಾಡಿದ್ದು ನಾನು. ನನಗೆ ಸಾಕಾಗಿದೆ ಕಣ್ರೀ. ಬೇರೆಯವರು ಮಾಡಿದ್ದು ಒಂದು ಹೊತ್ತು ತಿನ್ನಬೇಕು ಅಂತ ಆಸೆ. ಅಷ್ಟೇ ನನ್ನ ಆಸೆ."

ಇವರು ನನ್ನನ್ನೇ ನೋಡ್ತಾ ನಿಂತ್ರು. ಬಾಯಿ ತೆರೆದೇ ಇತ್ತು. "ನಿನಗೂ ಬೇಕಿತ್ತಾ?" ಅಂದ್ರು.

"ಹೂಂ."

"ಇಷ್ಟು ದಿನದಿಂದಾನಾ?"

"ಹೂಂ ಅಂದ್ನಲ್ಲ!"

ಆಮೇಲೆ ಏನಾಯ್ತೋ, ಇಬ್ಬರಿಗೂ ಒಟ್ಟಿಗೆ ನಗು ಬಂತು. ಇವರು ನಗ್ತಾ ನಗ್ತಾ ಟೆಂಪೋದ ಚಕ್ರ ಹಿಡ್ಕೊಂಡ್ರು. ನನಗೆ ನಗುವಿನ ಮಧ್ಯೆ ಕಣ್ಣೀರು. ಎದೆ ಮೇಲಿಂದ ರುಬ್ಬುಗುಂಡು ಇಳಿಸಿದ ಹಾಗಾಗಿತ್ತು. ಕೋಪ ಇತ್ತು, ಇಲ್ಲ ಅನ್ನಲ್ಲ, ಈಗಲೂ ಒಂದೊಂದು ಸಲ ಆ ದೋಸೆ ನೆನೆದ್ರೆ ಉರಿಯತ್ತೆ. ಆದ್ರೆ ಅವತ್ತು ಕೋಪಕ್ಕಿಂತ ಸಮಾಧಾನವೇ ಜಾಸ್ತಿ. ಇನ್ನು ಮೇಲೆ ಯಾರೂ ಯಾರಿಗೋಸ್ಕರವೂ ಒಲೆ ಮುಂದೆ ಕೂರಬೇಕಾಗಿಲ್ಲ ಅಂತ ಗೊತ್ತಾಯ್ತು ನೋಡಿ, ಅದಕ್ಕೆ.

ನಮ್ಮ ನಗು ಕೇಳಿ ಆಂಜಿ ಧೈರ್ಯವಾಗಿ ವಾಪಸ್ ಬಂದ. ಪೈಪಿನಲ್ಲಿ ಉಳಿದಿದ್ದನ್ನೆಲ್ಲ ಎಳೆದು, ಟೈರಿಗೆ ಗಾಳಿ ಹೊಡೆಯೋ ಪೈಪು ತಂದು ಊದಿ, ಜಾಲರಿ ಹಾಕಿದ. ಇವರು ಕಾರು ಸ್ಟಾರ್ಟ್ ಮಾಡಿ ಎ.ಸಿ. ಹಾಕಿದ್ರು. ಹಿಂದಿನ ಗುಂಯ್ ಸದ್ದು ಇರಲೇ ಇಲ್ಲ. ಕೆಂಪು ದೀಪವೂ ಇಲ್ಲ.

"ಬ್ಯಾಟರಿ ಮುಗಿದಿಲ್ಲ ಅನ್ಸತ್ತೆ ಸಾರ್," ಅಂದ ಆಂಜಿ. "ಪಾಪ, ಉಸಿರು ಕಟ್ಟಿತ್ತು ಅಷ್ಟೇ. ಮಂಚಕ್ಕೆ ಹಲಗೆ ಕೊಯ್ಲಾ?"

ಇವರು ನನ್ನ ಕಡೆ ನೋಡಿದ್ರು. ಅಷ್ಟು ದೊಡ್ಡ ತೀರ್ಮಾನ ನನ್ನ ಬಾಯಿಂದ ಬರಲಿ ಅಂತ ಕಾಯ್ತಿದ್ರು.

"ಸೀಟು ಇದ್ದ ಹಾಗೇ ಹಾಕಪ್ಪ," ಅಂದೆ. "ಅದನ್ನ ಮಡಚಿದ್ರೆ ಮೇಲೆ ಹಾಸೋಕೆ ಒಂದು ತೆಳು ಹಾಸಿಗೆ ಹೊಲಿಸ್ತೀನಿ ನಾನೇ. ದಾರಿಯಲ್ಲಿ ಇವರಿಗೆ ನಿದ್ದೆ ಬಂದ್ರೆ ಮಲಗೋಕೆ. ಆ ಜಾಲರಿ ಮಾತ್ರ ಮುಚ್ಚಲ್ಲ. ಹಲಗೆ ಬೇಡ, ಕ್ಯಾನು ಬೇಡ, ಸರಳು ಬೇಡ. ಒಲೆ ಅಂತೂ ಬೇಡವೇ ಬೇಡ."

"ಊಟಕ್ಕೆ?" ಅಂದ್ರು ಇವರು.

"ಊರೂರಲ್ಲಿ ಹೋಟೆಲ್ ಇಲ್ವೇನ್ರೀ? ನಿಮಗೆ ಗೊತ್ತಿಲ್ಲದ್ದಾ?"

ಚಿತ್ರದ ಹಾಳೆಯನ್ನ ಇವರು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಕೊಂಡ್ರು. ಸ್ವಲ್ಪ ಬೇಜಾರಿತ್ತೋ ಏನೋ. ಎರಡು ಬರ್ನರ್ ಬರೆದಿದ್ರಲ್ಲ ಪಾಪ. ಬುಟ್ಟಿಯಲ್ಲಿದ್ದ ಚಿತ್ರಾನ್ನ, ಮೊಸರನ್ನ ಆಂಜಿಗೂ ಅವನ ಕೆಲಸದವರಿಗೂ ಕೊಟ್ಟೆ. ಬರುವಾಗ ಖಾಲಿ ಬುಟ್ಟಿ ಹಿಂದಿನ ಸೀಟಿನಲ್ಲಿ, ಮುಂದಿನ ಸೀಟಿನಲ್ಲಿ ನಾನು. ಕಾರು ಕುಂಯ್ ಅಂತು. ಬೆಲ್ಟ್ ಹಾಕ್ಕೊಂಡೆ.

ನರಸಾಪುರ ಬಂತು. ಇವರು ಕಾರು ನಿಧಾನ ಮಾಡಿ, "ಅದೇ ಅಂಗಡಿ" ಅಂತ ಬೆರಳು ತೋರಿಸಿದ್ರು. ಹಸಿರು ಬೋರ್ಡಿನ ಸಣ್ಣ ಅಂಗಡಿ, ಮುಂದೆ ಕಂಪನಿ ಬಸ್ಸಿನಿಂದ ಇಳಿದ ಹೆಣ್ಣುಮಕ್ಕಳು ನಿಂತಿದ್ರು. "ಪಾರ್ಸಲ್ ತರ್ಲಾ? ಪರದೆ ಎಳೀತೀನಿ."

"ಪರದೆ ಕಿತ್ತು ಬಿಸಾಕಿ," ಅಂದೆ. "ನಾನು ತಿಂದ್ರೆ ನಮ್ಮೂರಲ್ಲೇ ತಿನ್ನೋದು. ಒಳಗೆ ಕೂತು."

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ಕೇಳಿದ್ರೆ ನಿಮ್ಮ ಇಲಿ ವಿಷಯ ಹೇಳ್ತೀನಿ."

ಕೋಲಾರ ದಾಟಿ ಊರು ತಲುಪೋವರೆಗೂ ಎಷ್ಟು ಏರು ಬಂದ್ರೂ ಕೆಂಪು ದೀಪ ಹತ್ತಲಿಲ್ಲ. ಇವರು ಸ್ಟೇರಿಂಗನ್ನ ತಟ್ಟಿ ತಟ್ಟಿ, "ನೋಡು, ನೋಡು ನನ್ನ ಬಂಗಾರ" ಅಂತಿದ್ರು. ನನಗೆ ಅಂದಿದ್ದು ಅಂದ್ಕೊಂಡು ತಿರುಗಿ ನೋಡಿದೆ. ಕಾರಿಗೆ ಅಂದಿದ್ದು.

ಆ ದೋಸೆ ಅಂಗಡಿ ಮುಂದೆ ನಾನು ನಿಧಾನವಾಗಿ ಹಾದುಹೋಗಿದ್ದು ಎಷ್ಟು ಸಲವೋ, ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಮೂಲೆಯಲ್ಲಿ ಅನಿತ ಕೂತಿದ್ಲು, ಕಾಫಿ ಲೋಟ ಕೈಯಲ್ಲಿ. ನನ್ನನ್ನ ನೋಡಿ ಲೋಟ ಹಾಗೇ ಗಾಳಿಯಲ್ಲಿ ನಿಂತಿತು. "ರಾಧಮ್ಮಾ, ನೀವಾ!" ಅಂದ್ಲು. "ನಾನೇ ಕಣೇ" ಅಂದು ಬೆಂಚಿನ ಮೇಲೆ ಕೂತೆ.

ಈರುಳ್ಳಿ ನನಗೆ ಇವತ್ತಿಗೂ ಆಗಲ್ಲ, ಅದು ಬೇರೆ ವಿಷಯ. ಪಲ್ಯ ಇಲ್ಲದೆ ಕೊಡಿ ಅಂತ ಇವರು ಹೇಳಿ ಬಂದ್ರು. ದೋಸೆ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ, ಕೆಳಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪ. ಅದರಲ್ಲಿ ನನ್ನ ಕೈ ಕೆಲಸ ಏನೂ ಇರಲಿಲ್ಲ. ಹಿಟ್ಟು ಯಾರೋ ರುಬ್ಬಿದ್ರು, ಯಾರೋ ಹುಯ್ದಿದ್ರು, ಬಿಸಿ ಆರೋ ಮುಂಚೆ ನನ್ನ ಮುಂದೆ ಬಂದಿತ್ತು. ಬಿಸಿ ದೋಸೆ ತಿಂದೇ ಎಷ್ಟು ವರ್ಷ ಆಗಿತ್ತೋ, ಮನೇಲಿ ಎಲ್ಲರದ್ದೂ ಆಗಿ ನನ್ನ ಸರದಿ ಬರೋ ಹೊತ್ತಿಗೆ ಕಾವಲಿಯೇ ತಣ್ಣಗಾಗಿರ್ತಿತ್ತು. ಕಾವಲಿ ಮುಂದೆ ನಿಂತವನು, "ಇನ್ನೊಂದು ಹಾಕ್ಲಾ ಅಮ್ಮಾ?" ಅಂದ. ಹಾಕಪ್ಪ ಅಂದೆ. ಎರಡನೇದನ್ನೂ ಪೂರ್ತಿ ತಿಂದೆ. ಇವರು ನಾನು ತಿನ್ನೋದನ್ನೇ ನೋಡ್ತಿದ್ರು, ತಮ್ಮದು ಆರಿಹೋಗ್ತಿದ್ರೂ.

ತಿಂದಾಯ್ತು. ಅಭ್ಯಾಸ ನೋಡಿ, ಇವರ ತಟ್ಟೆ ಎಳ್ಕೊಂಡು ನನ್ನ ತಟ್ಟೆ ಮೇಲಿಟ್ಟು ಎದ್ದೆ. ಮೇಜು ಒರೆಸೋಕೆ ಬಟ್ಟೆ ಎಲ್ಲಿದೆ ಅಂತ ಕಣ್ಣು ಹುಡುಕ್ತಿತ್ತು.

"ಕೂತ್ಕೋ," ಅಂದ್ರು ಇವರು.

ಆ ಅಂಗಡಿಯಲ್ಲಿ ತಿಂದವರೇ ತಟ್ಟೆ ತಗೊಂಡು ಹೋಗಿ ತೊಟ್ಟಿಗೆ ಹಾಕಬೇಕು. ಇವರು ನನ್ನ ಕೈಯಿಂದ ಎರಡೂ ತಟ್ಟೆ ತಗೊಂಡ್ರು. ನಾನು ತಿಂದ ಎಂಜಲು ತಟ್ಟೆ, ಇವರ ಕೈಯಲ್ಲಿ. ಅನಿತ ನೋಡ್ತಿದ್ಲು, ಕಾವಲಿ ಮುಂದಿನವನು ನೋಡ್ತಿದ್ದ. ಇವರು ಯಾರನ್ನೂ ನೋಡದೆ ನಡೆದು ಹೋಗಿ, ತಟ್ಟೆ ತೊಟ್ಟಿಗೆ ಹಾಕಿ, ನಲ್ಲಿಯಲ್ಲಿ ಕೈ ತೊಳ್ಕೊಂಡು, ಬರುವಾಗ ನನಗೆ ಒಂದು ಲೋಟ ನೀರು ತಂದಿಟ್ರು.

ನಾನು ಕೂತೇ ಇದ್ದೆ.